ಬಿರುಗಾಳಿಯ ಮದುವೆ, ನಾಲ್ಕನೇ ಸೈಡು

ಫೆಬ್ರವರಿ 9

ಗುಡುಗ,

ಈ ಹೆಸರಲ್ಲಿ ನಿನ್ನನ್ನು ಇನ್ನೂ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ನಿನ್ನಕ್ಕ ಇಟ್ಟ ಹೆಸರು. ಮೊದಲು ನಿನ್ನ ನಿಜವಾದ ಹೆಸರು ಬರೆದು ನೋಡಿದೆ, ಯಾವುದೋ ಕಚೇರಿಗೆ ಅರ್ಜಿ ಹಾಕಿದ ಹಾಗಿತ್ತು. ಆ ಕಾಗದ ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಾವು ಮಾತಾಡಿ ಆರು ವರ್ಷ ಆಯಿತು. ನಿನ್ನ ವಿಳಾಸ ಚುಕ್ಕಿ ಕೊಟ್ಟಳು. ಅವಳ ಪ್ರತಿ ಹುಟ್ಟುಹಬ್ಬಕ್ಕೂ ನಿನ್ನ ಕಾರ್ಡು ಬರುತ್ತಿತ್ತಂತೆ. ಅಪ್ಪನಿಗೆ ಬೇಜಾರಾದೀತು ಅಂತ ಪುಸ್ತಕಗಳ ನಡುವೆ ಮುಚ್ಚಿಟ್ಟಿದ್ದಳಂತೆ. ನನಗೇನೂ ಬೇಜಾರಿಲ್ಲ. ಅವಳಿಗೆ ಇರುವವನು ನೀನೊಬ್ಬನೇ ಸೋದರಮಾವ.

ವಿಷಯ ಇಷ್ಟೇ. ಜುಲೈ ಕೊನೆಗೆ ಈ ಮನೆ ಬಿಡುತ್ತಿದ್ದೇವೆ. ಚುಕ್ಕಿಗೆ ಹದಿನೆಂಟಾಯಿತು, ಓದೋಕೆ ಬೇರೆ ಊರಿಗೆ ಹೋಗುತ್ತಾಳೆ. ನನ್ನೊಬ್ಬನಿಗೆ ಮೂರು ಕೋಣೆ ಯಾಕೆ? ಲ್ಯಾಬಿನ ಹಿಂದಿನ ಬೀದಿಯಲ್ಲೇ ಒಂದು ಕೋಣೆ, ಸಣ್ಣ ಅಡುಗೆಮನೆ ಸಿಕ್ಕಿದೆ. ನನ್ನ ಕೆಲಸ ಮೊದಲಿನದೇ. ಬೆಳಿಗ್ಗೆ ಯಾರದೋ ಬಾಯಿಯ ಅಚ್ಚು ಬರುತ್ತೆ, ಸಂಜೆಯೊಳಗೆ ಮೇಣದಲ್ಲಿ ಹಲ್ಲು ಕೂರಿಸುತ್ತೇನೆ. ಮುಖ ನೋಡದೆ ಊರಿನ ಅರ್ಧ ಜನರ ಬಾಯಿ ನನಗೆ ಪರಿಚಯ.

ಬೀರು ಖಾಲಿ ಮಾಡುವಾಗ ನಿನ್ನಕ್ಕನ ಆ ರಾಕ್ ಆಲ್ಬಂ ಸಿಕ್ಕಿತು. 'ಬಿರುಗಾಳಿಯ ಮದುವೆ'. ಎರಡು ರೆಕಾರ್ಡು, ನಾಲ್ಕು ಸೈಡು. ಕವರಿನ ಅಂಚಿಗೆಲ್ಲ ಅವಳು ಅಂಟಿಸಿದ ಟೇಪು ಹಳದಿಯಾಗಿ ಏಳುತ್ತಿದೆ. ಉರಿಯೋ ಸಮುದ್ರದ ಮೇಲೆ ಬಿಳಿ ಕುದುರೆ ಹತ್ತಿ ಆ ಗಾಯಕ ಈಗಲೂ ಅಷ್ಟಗಲ ಬಾಯಿ ತೆರೆದು ಕೂತಿದ್ದಾನೆ.

ಇದು ನಿನ್ನ ಹತ್ತಿರ ಇರಬೇಕಾದ್ದು. ಪಾರ್ಸೆಲ್ ಮಾಡಲೇ, ಬಂದು ಒಯ್ಯುತ್ತೀಯಾ, ನಿನ್ನಿಷ್ಟ. ಫೋನ್ ಮಾಡಬಹುದಿತ್ತು. ಆದರೆ ಕಾಗದದಲ್ಲಾದರೆ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಬಾಯಿ ಹಾಕೋಕಾಗಲ್ಲ.

ಇತಿ,
ಭಾವ


ಮಾರ್ಚ್ 2

ಭಾವ,

ಪಾರ್ಸೆಲ್ ಮಾಡಬೇಡಿ. ನನಗೆ ಬೇಡ.

ಇಷ್ಟೇ ಬರೆದು ಜೇಬಲ್ಲಿಟ್ಕೊಂಡು ಎರಡು ವಾರ ಓಡಾಡಿದೆ. ಅಂಚೆಡಬ್ಬಿ ನಮ್ಮ ಬೀದಿ ತುದಿಯಲ್ಲೇ ಇದೆ, ಕೈ ಮಾತ್ರ ಹೋಗಲಿಲ್ಲ. ಇವತ್ತು ಹದಿನಾಲ್ಕು ಮಹಡಿ ಕಟ್ಟಡವೊಂದರ ಲಿಫ್ಟು ಕೆಟ್ಟು ನಿಂತಿದೆ. ಬಿಡಿಭಾಗ ಬರೋವರೆಗೆ ಕೆಲಸ ಇಲ್ಲ. ಲಿಫ್ಟಿನ ನೆತ್ತಿ ಮೇಲೆ ಕೂತು ಬರೀತಿದ್ದೀನಿ, ಅಕ್ಷರ ಸೊಟ್ಟ ಇದ್ರೆ ಅದಕ್ಕೆ.

ಆ ಆಲ್ಬಂ ನಮ್ಮನೆಗೆ ಹೇಗೆ ಬಂತು ಅಂತ ಅಕ್ಕ ನಿಮಗೆ ಹೇಳಿದ್ದಳಾ? ಅವಳಿಗಾಗ ಹದಿನೇಳು, ನನಗೆ ಹನ್ನೊಂದು. ಅಮ್ಮ ಅವಳಿಗೊಂದು ಹಳದಿ ರೇನ್‌ಕೋಟು ತಂದಿದ್ದಳು. ಅಕ್ಕನ ಕ್ಲಾಸಿನ ಹುಡುಗಿಯೊಬ್ಬಳ ಮನೇಲಿ ಈ ಆಲ್ಬಂ ಇತ್ತು. ಆ ಹುಡುಗಿಗೆ ರೇನ್‌ಕೋಟಿನ ಮೇಲೆ ಕಣ್ಣು, ಇವಳಿಗೆ ಆಲ್ಬಂ ಮೇಲೆ. "ಕೋಟೆಲ್ಲೇ?" ಅಂತ ಅಮ್ಮ ಕೇಳಿದ್ರೆ "ಬಸ್ಸಲ್ಲಿ ಮರೆತುಬಿಟ್ಟೆ" ಅಂದಳು. ಆ ಮಳೆಗಾಲ ಪೂರ್ತಿ ನೆನೆದಳು. ಮೂಗು ಸೋರ್ತಿತ್ತು, ಮುಖದಲ್ಲಿ ಮಾತ್ರ ಊರು ಗೆದ್ದ ಕಳೆ.

ನಾವು ಕೇಳೋ ಹೊತ್ತಿಗೇ ಅದು ಹಳೇ ಕಾಲದ್ದು. ಸ್ಕೂಲಲ್ಲಿ ಯಾರೂ ಅಂಥದ್ದು ಕೇಳ್ತಿರಲಿಲ್ಲ. ಕಥೆ ನಿಮಗೆ ಗೊತ್ತಿರಬೇಕು. ಲೈಟ್‌ಹೌಸ್ ಕಾಯೋನೊಬ್ಬ ಬಿರುಗಾಳಿಯನ್ನೇ ಪ್ರೀತಿಸ್ತಾನೆ. ಅವಳು ಬಂದಾಗ ಊರವರೆಲ್ಲ ಬಾಗಿಲು ಹಾಕ್ಕೊಂಡ್ರೆ ಇವನೊಬ್ಬ ಕಿಟಕಿ ತೆರೀತಾನೆ. ಅಷ್ಟಕ್ಕೆ ಅರವತ್ತು ಜನರ ಕೋರಸ್ಸು, ಗಂಟೆ, ಕುದುರೆ ಕೆನೆತ, ಒಡೆಯೋ ಗಾಜು, ಎರಡೂವರೆ ನಿಮಿಷ ಬರೀ ಆರ್ಗನ್ನು.

ನಮ್ಮಪ್ಪನಿಗೆ ಸಂಜೆ ಪಾಳಿ. ಬೆಳಗಿನ ಜಾವ ಬಂದು ಮಧ್ಯಾಹ್ನ ಮೂರರ ತನಕ ಮಲಗೋರು. ಮನೇಲಿ ನಾವೆಲ್ಲ ಪಿಸುಮಾತಲ್ಲೇ ಬೆಳೆದೋರು. ಚಮಚ ಕೆಳಗೆ ಬಿದ್ರೆ ಅಮ್ಮ ಕಣ್ಣಲ್ಲೇ ಬಾರಿಸೋಳು. ಅಪ್ಪ ನಾಲ್ಕಕ್ಕೆ ಹೊರಟ್ರೆ ಅಮ್ಮ ಹೊಲಿಗೆ ಅಂಗಡಿಯಿಂದ ಆರಕ್ಕೆ ಬರೋಳು. ನಡುವಿನ ಎರಡು ಗಂಟೆ ನಮ್ಮದು. ಅಕ್ಕ ಬೆಡ್‌ಶೀಟನ್ನು ಹೆಗಲಿಗೆ ಕಟ್ಕೊಂಡು ಮಂಚ ಹತ್ತೋಳು. ನನ್ನ ಕೈಗೊಂದು ದೊಡ್ಡ ತಗಡಿನ ತಟ್ಟೆ. ಅದನ್ನು ಅಲ್ಲಾಡಿಸಿದ್ರೆ ಗುಡುಗು. "ಇನ್ನೂ ಜೋರಾಗಿ ಕಣೋ! ಇದೇನು ಅಜ್ಜಿ ಆಕಳಿಸಿದ ಹಾಗಿದೆ!" ಅನ್ನೋಳು. ನನ್ನ ಹೆಸರು ಬಂದದ್ದು ಹೀಗೆ.

ಇರಲಿ. ಆಸ್ಪತ್ರೆಯಲ್ಲಿ ಅವಳು ನಿಮ್ಮನ್ನೂ ನನ್ನನ್ನೂ ಎರಡೂ ಕಡೆ ಕೂರಿಸ್ಕೊಂಡು ಹೇಳಿದ್ದು ನೆನಪಿದೆಯಾ? "ನನ್ನನ್ನ ಕಳಿಸೋ ದಿನ ನಾಲ್ಕನೇ ಸೈಡು ಹಾಕಿ. ಪೂರ್ತಿ ಹಾಕಬೇಕು. ನಡುವೆ ಆರಿಸಿದ್ರೆ ಎದ್ದು ಬರ್ತೀನಿ." ನಾವಿಬ್ಬರೂ ನಕ್ಕು ಒಪ್ಪಿದ್ವಿ. ಆ ದಿನ ನಾನು ಪ್ಲೇಯರು, ಎರಡು ಸ್ಪೀಕರು, ವೈರು ಎಲ್ಲ ವ್ಯಾನಲ್ಲಿ ಹೇರ್ಕೊಂಡು ಬಂದೆ. ಅಕ್ಕನನ್ನ ಕೊನೆಯ ದರ್ಶನಕ್ಕೆ ಇಟ್ಟಿದ್ದ ಆ ದೊಡ್ಡ ಹಾಲ್‌ನ ಬಾಗಿಲಲ್ಲಿ ನೀವು ಅಡ್ಡ ನಿಂತ್ರಿ. "ಬೇಡ. ಇದು ಆಟ ಅಲ್ಲ" ಅಂದ್ರಿ. ಎಲ್ಲರ ಮುಂದೆ ಸ್ಪೀಕರುಗಳನ್ನ ವಾಪಸ್ ಹೊತ್ಕೊಂಡು ಹೋದೋನು ನಾನು.

ಅಕ್ಕ ಕೇಳಿದ್ದು ಅದೊಂದೇ. ಹಾಗಾಗಿ ಆಲ್ಬಂ ನನಗೆ ಬೇಡ. ನಿಮ್ಮ ಹತ್ತಿರವೇ ಇರಲಿ.

ನಿಮ್ಮ
ಗುಡುಗ


ಮಾರ್ಚ್ 23

ಗುಡುಗ,

ಆ ಮಾತು ಆಡಿದ್ದು ನಾನೇ. ಅದರ ಬಗ್ಗೆ ಇವತ್ತು ಬರೆಯಲಾರೆ.

ಬೇರೊಂದು ವಿಷಯ ಬರೆಯುತ್ತೇನೆ. ನಿನ್ನ ಕಾಗದ ಓದಿ ನಾಚಿಕೆಯಾಯಿತು, ಯಾಕಂದರೆ ಆ ಕಥೆ ನನಗೆ ಗೊತ್ತೇ ಇರಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷ ಅದು ನಮ್ಮ ಮನೆಯಲ್ಲಿ ಮೊಳಗಿದೆ, ನಾನು ಒಂದು ಸೈಡನ್ನೂ ಕೂತು ಕೇಳಿಲ್ಲ. ನನಗದು ಪಕ್ಕದ ಕೋಣೆಯ ಗದ್ದಲ. ಈಗ ಚುಕ್ಕಿ ಪ್ಲೇಯರಿಗೆ ಹೊಸ ಮುಳ್ಳು ತಂದು ಹಾಕಿದ್ದಾಳೆ. ಭಾನುವಾರ ಮಧ್ಯಾಹ್ನ ಕಿಟಕಿ ಹತ್ತಿರ ಮೇಣದ ಕೆಲಸ ಹರಡಿಕೊಂಡು ಒಂದೊಂದೇ ಸೈಡು ಕೇಳುತ್ತಿದ್ದೇನೆ. ಮೂರು ಆದವು. ನಾಲ್ಕನೆಯದನ್ನು ಮುಟ್ಟಿಲ್ಲ.

ಕೆಲವು ಸಂದೇಹಗಳಿವೆ. ನೀನಲ್ಲದೆ ಬೇರೆ ಯಾರನ್ನು ಕೇಳಲಿ?

ಸಮುದ್ರದ ನಡುವೆ ಕುದುರೆ ಹೇಗೆ ಬಂತು? ಎರಡನೇ ಸೈಡಿನಲ್ಲಿ ಅವನು ಮೆಟ್ಟಿಲಿಂದ ಬಿದ್ದು ಸಾಯುತ್ತಾನೆ, ಕೋರಸ್ಸಿನವರೆಲ್ಲ ಅಳುತ್ತಾರೆ. ಮೂರನೇ ಸೈಡು ಶುರುವಾದರೆ ಏನೂ ಆಗದವನ ಹಾಗೆ ಹಾಡುತ್ತಿದ್ದಾನೆ! ಅವನಿಗೆ ಯಾರಾದರೂ ಹೇಳಬಾರದೇ? ಇನ್ನೊಂದು, ಒಬ್ಬ ಹೆಂಗಸು ಬಂದು "ಹೋಗಬೇಡ" ಅಂತ ಹನ್ನೊಂದು ಸಲ ಹೇಳುತ್ತಾಳೆ. ಎಣಿಸಿದೆ. ಆಮೇಲೆ ಅವಳೇ ಹೋಗಿಬಿಡುತ್ತಾಳೆ. ಅವಳು ಯಾರು?

ಗಾಯಕನ ಬಗ್ಗೆ ನಾನು ಖಚಿತವಾಗಿ ಹೇಳಬಲ್ಲ ವಿಷಯ ಒಂದೇ. ಕವರಿನ ಚಿತ್ರ ನೋಡು. ಮೇಲಿನ ಸಾಲಿನ ಎಡಗಡೆ ಕೋರೆಹಲ್ಲು ಕಟ್ಟಿಸಿದ್ದು. ಒಳ್ಳೆ ಕೆಲಸವಲ್ಲ, ಬಣ್ಣ ಹೊಂದಿಲ್ಲ. ಆದರೂ ಪುಣ್ಯಾತ್ಮ ಎಷ್ಟು ಅಗಲ ಬಾಯಿ ತೆರೆದಿದ್ದಾನೆ ನೋಡು. ಹಲ್ಲು ಕಟ್ಟಿಸುವವರೆಲ್ಲ ಡಾಕ್ಟರನ್ನು ಕೇಳೋದು ಒಂದೇ ಪ್ರಶ್ನೆಯಂತೆ, "ನಕ್ಕರೆ ಗೊತ್ತಾಗಲ್ಲ ತಾನೇ?" ಇವನಿಗೆ ಆ ಚಿಂತೆಯೇ ಇಲ್ಲ.

ನಿನ್ನಕ್ಕ ನೀರಿನ ಕಚೇರಿಯಲ್ಲಿ ದಿನವಿಡೀ ದೂರಿನ ಫೋನು ಎತ್ತುತ್ತಿದ್ದಳಲ್ಲ. "ನಲ್ಲಿಯಲ್ಲಿ ನೀರಿಲ್ಲ" ಅಂತ ಊರಿನವರೆಲ್ಲ ಬೈಯುವುದು ಅವಳನ್ನೇ. ಅವಳು ಒಂದೇ ದನಿಯಲ್ಲಿ "ದಯವಿಟ್ಟು ಸ್ವಲ್ಪ ಕಾಯಿರಿ, ಬರೆದುಕೊಂಡಿದ್ದೇನೆ" ಅನ್ನಬೇಕು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮುಳ್ಳು ಇಡುತ್ತಿದ್ದಳು. ತಲೆನೋವಿರಬೇಕಾದ ಹೊತ್ತಲ್ಲಿ ಇದೆಂಥ ಗಲಾಟೆ ಅಂದುಕೊಳ್ಳುತ್ತಿದ್ದೆ. ಮೊನ್ನೆ ಮೂರನೇ ಸೈಡಿನಲ್ಲಿ ಅವನು ಬೆಟ್ಟದ ತುದಿಯಿಂದ ಹತ್ತು ಸೆಕೆಂಡು ಒಂದೇ ಉಸಿರಲ್ಲಿ ಕೂಗಿದಾಗ ಕೈಯಲ್ಲಿದ್ದ ಮೇಣ ಕೆಳಗಿಟ್ಟೆ. ಅವಳು ಯಾಕೆ ಹಾಕುತ್ತಿದ್ದಳು ಅಂತ ಹೊಳೆಯಿತು.

ಕುದುರೆಯ ಬಗ್ಗೆ ಮರೆಯದೆ ಬರೆ.

ಇತಿ,
ಭಾವ


ಏಪ್ರಿಲ್ 12

ಭಾವ,

ಉತ್ತರ ಬರೀಬಾರದು ಅಂತಲೇ ಇದ್ದೆ. ಆದ್ರೆ ತಪ್ಪು ತಿಳ್ಕೊಂಡಿದ್ದೀರಲ್ಲ, ಹೇಗೆ ಸುಮ್ಮನಿರಲಿ?

ಕುದುರೆ ಅಂದ್ರೆ ಅಲೆ. ಬಿರುಗಾಳಿ ತನ್ನ ಗಂಡನ್ನ ಕರ್ಕೊಂಡು ಬರೋಕೆ ಕಳಿಸೋ ಸವಾರಿ. ಇದನ್ನ ಕಂಡುಹಿಡಿದದ್ದು ಅಕ್ಕ. ಪದಗಳು ನಮಗೆ ಅರ್ಧಕ್ಕರ್ಧ ಅರ್ಥವಾಗ್ತಿರಲಿಲ್ಲ. ಅರ್ಥವಾಗದ ಕಡೆ ಅವಳೇ ಕಥೆ ಸೇರಿಸೋಳು. ಆ ಹೆಂಗಸು ಅವನ ತಾಯಿ ಅಂತ ಅವಳ ವಾದ, ಹೆಂಡತಿ ಅಂತ ನನ್ನ ವಾದ. ಇಪ್ಪತ್ತು ವರ್ಷ ಜಗಳ ಆಡಿದ್ವಿ, ತೀರ್ಮಾನ ಆಗಲಿಲ್ಲ. ಇನ್ನು ಸತ್ತವನು ಮತ್ತೆ ಹಾಡೋದು. ಅದನ್ನ ನಾನೂ ಹನ್ನೊಂದನೇ ವಯಸ್ಸಲ್ಲೇ ಕೇಳಿದ್ದೆ. "ಅವನಿಗೆ ಹಾಡೋದು ಇನ್ನೂ ಬಾಕಿ ಇದೆ ಕಣೋ, ಸತ್ತರೆ ಹೇಗಾಗುತ್ತೆ?" ಅಂದಿದ್ದಳು. ನನಗೆ ಸರಿ ಅನ್ನಿಸಿತ್ತು. ಈಗಲೂ ಅನ್ನಿಸುತ್ತೆ.

ಕೋರೆಹಲ್ಲಿನ ವಿಷಯ ಓದಿ ಲಿಫ್ಟಲ್ಲಿ ಒಬ್ಬನೇ ನಕ್ಕೆ. ಅಕ್ಕ ಇರೋವರೆಗೂ ಮೂವತ್ಮೂರು ವರ್ಷ ಆ ಚಿತ್ರ ನೋಡಿದ್ದೀನಿ, ಕಣ್ಣಿಗೇ ಬಿದ್ದಿರಲಿಲ್ಲ.

ನಾನೀಗಲೂ ಹಾಡ್ತೀನಿ, ಗೊತ್ತಾ? ಲಿಫ್ಟ್ ಓಡೋ ಆ ಉದ್ದ ಬಾವಿಯೊಳಗೆ ಕೆಳಗಿಂದ ಒಂದು ಸಾಲು ಬಿಟ್ರೆ ಮೇಲಿಂದ ಅರವತ್ತು ಜನ ಉತ್ತರ ಕೊಟ್ಟ ಹಾಗಿರುತ್ತೆ. ಹೋದ ತಿಂಗಳು ಒಂಬತ್ತನೇ ಮಹಡಿಯ ಯಜಮಾನರು ನಮ್ಮ ಆಫೀಸಿಗೆ ದೂರು ಕೊಟ್ರು, "ಲಿಫ್ಟೊಳಗೆ ಯಾರೋ ಸಿಕ್ಕಿಹಾಕ್ಕೊಂಡು ಗೋಳಾಡ್ತಿದ್ದಾರೆ" ಅಂತ. ಸೂಪರ್‌ವೈಸರ್ ಕರೆದು ಕೇಳಿದ. ಗ್ರೀಸು ಮುಗಿದ ರಾಟೆ ಸದ್ದು ಸಾರ್ ಅಂದೆ.

ನಮ್ಮಕ್ಕ ಒಂದು ಮಾತು ಹೇಳ್ತಿದ್ದಳು. "ಬೇರೆ ಹಾಡುಗಾರರು ಸ್ವಲ್ಪ ಉಳಿಸ್ಕೋತಾರೆ, ಯಾರಾದ್ರೂ ನಕ್ಕರೆ ತಮಾಷೆಗೆ ಹಾಡಿದ್ದು ಅನ್ನೋಕೆ. ಇವರು ಏನೂ ಉಳಿಸ್ಕೊಂಡಿಲ್ಲ." ಪಿಸುಮಾತಿನ ಮನೇಲಿ ಹುಟ್ಟಿದ ನಮಗೆ ಅದೇ ದೊಡ್ಡ ಹಬ್ಬ. ಒಬ್ಬ ಮನುಷ್ಯ ನನಗೆ ಬೇಕು ಅಂತ ಇಷ್ಟು ಜೋರಾಗಿ ಕೂಗಬಹುದು, ಕೂಗಿದ್ರೆ ಛಾವಣಿ ಬೀಳಲ್ಲ ಅಂತ ನಮಗೆ ಹೇಳ್ಕೊಟ್ಟದ್ದೇ ಅವನು.

ಭಾವ, ನಿಮ್ಮ ಕಾಗದ ಓದ್ತಾ ನಿಮ್ಮ ಮೇಲಿನ ಸಿಟ್ಟು ಮರೆತೇ ಹೋಗುತ್ತೆ, ಮಡಚಿಟ್ಟ ಮೇಲೆ ಮತ್ತೆ ಬರುತ್ತೆ. ಹಾಗಾಗಿ ಒಂದೇ ಸಲ ಕೇಳಿಬಿಡ್ತೀನಿ. ಅವತ್ತು ಯಾಕೆ ತಡೆದ್ರಿ? ಬಂದಿದ್ದ ದೊಡ್ಡವರು ಏನಾದ್ರೂ ಅಂದ್ಕೋತಾರೆ ಅಂತಲಾ? ನೀವು ಹಾಗೆ ಹೆದರೋರಲ್ಲ. ಉತ್ತರ ಇದ್ರೆ ಬರೀರಿ. ಇಲ್ಲದಿದ್ರೆ ಕುದುರೆ, ಕೋರಸ್ಸು ಅಂತ ಬರೀಬೇಡಿ.

ಗುಡುಗ


ಜೂನ್ 4

ಪ್ರೀತಿಯ ಮಾವ,

ನಾನು ಚುಕ್ಕಿ. ಈ ಕಾಗದ ಬರೀತಿರೋದು ಅಪ್ಪನಿಗೆ ಗೊತ್ತಿಲ್ಲ.

ನಿಮ್ಮ ಏಪ್ರಿಲ್ ಕಾಗದಕ್ಕೆ ಅಪ್ಪ ಉತ್ತರ ಬರೀತಾನೇ ಇದ್ದಾರೆ. ಪ್ರತಿ ಭಾನುವಾರ ಕೂರ್ತಾರೆ, ಅರ್ಧ ಪುಟ ಆಗುತ್ತೆ, ಹರೀತಾರೆ. ಬುಟ್ಟಿ ಖಾಲಿ ಮಾಡೋಳು ನಾನು. ತಪ್ಪು ಅಂತ ಗೊತ್ತು, ಆದ್ರೂ ಒಂದು ತುಂಡು ಓದಿದೆ. "ಮಗುವಿನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಬಾರದು" ಅಂತಿತ್ತು.

ಆ ಮಗು ನಾನೇ ಮಾವ. ಅವತ್ತು ಬೇಡ ಅಂದಿದ್ದು ನಾನು.

ನನಗಾಗ ಹನ್ನೆರಡು. ನಮ್ಮ ಕ್ಲಾಸಿನ ಹುಡುಗಿಯರೆಲ್ಲ ಟೀಚರ್ ಜೊತೆ ಬಂದು ಎರಡನೇ ಸಾಲಲ್ಲಿ ಕೂತಿದ್ರು. ಅಮ್ಮ ಯಾವಾಗಲೂ ಎಲ್ಲರಿಗಿಂತ ಜೋರು. ಸ್ಕೂಲಿನ ಕಾರ್ಯಕ್ರಮಕ್ಕೆ ಬಂದ್ರೆ ಮೊದಲು ಚಪ್ಪಾಳೆ ತಟ್ಟೋದು ಅವಳೇ, ನಿಲ್ಲಿಸೋದು ಕೊನೆಗೆ. ಒಂದ್ಸಲ ನನ್ನ ಹುಟ್ಟುಹಬ್ಬಕ್ಕೆ ಅವರೆಲ್ಲ ಮನೆಗೆ ಬಂದಿದ್ದಾಗ ಆ ಆಲ್ಬಂ ಹಾಕಿ ಸೋಫಾ ಮೇಲೆ ನಿಂತು ಹಾಡಿದ್ದಳು. ಅವರೂ ಆಗ ಕುಣಿದ್ರು, ಆದ್ರೆ ಆಮೇಲೆ ತಿಂಗಳುಗಟ್ಟಲೆ ಅಣಕಿಸಿ ತೋರಿಸಿದ್ರು. ನೀವು ವ್ಯಾನಿಂದ ಸ್ಪೀಕರ್ ಇಳಿಸೋದು ನನಗೆ ಕಿಟಕಿಯಿಂದ ಕಾಣಿಸ್ತು. ಅಪ್ಪನ ತೋಳು ಹಿಡ್ಕೊಂಡು "ಅಪ್ಪಾ, ಬೇಡ ಅನ್ನಿ. ಅಮ್ಮ ಅಲ್ಲಿ ಮಲಗಿದ್ದಾಳೆ, ಇವರೆಲ್ಲ ನಗ್ತಾರೆ" ಅಂದೆ. ಅಪ್ಪ ನನ್ನ ಮುಖ ನೋಡಿದ್ರು. "ಸರಿ" ಅಂದ್ರು. ಬಾಗಿಲಿಗೆ ಹೋದ್ರು. ಅಷ್ಟೇ.

ನೀವಿಬ್ಬರೂ ಆಮೇಲೆ ಮಾತಾಡಲ್ಲ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾದಾಗ ಹೇಳೋ ಧೈರ್ಯ ಇರಲಿಲ್ಲ. ಪ್ರತಿ ವರ್ಷ ನಿಮ್ಮ ಕಾರ್ಡು ಬಂದಾಗ ಒಡೆಯೋಕೆ ಭಯ ಆಗ್ತಿತ್ತು, ಗೊತ್ತಾಗಿಬಿಟ್ಟಿದೆಯೇನೋ ಅಂತ.

ಬೈದ್ರೂ ಪರವಾಗಿಲ್ಲ. ಅಪ್ಪನನ್ನ ಬೈಬೇಡಿ.

ನಿಮ್ಮ
ಚುಕ್ಕಿ


ಜೂನ್ 10

ಚುಕ್ಕಿ ಪುಟ್ಟಿ,

ಕಾಗದ ಸಿಕ್ಕಿದ ದಿನವೇ ಬರೀಬೇಕಿತ್ತು. ಎರಡು ದಿನ ತಡವಾಯ್ತು, ಯಾಕಂದ್ರೆ ನಾನೂ ನಿನಗೊಂದು ಹೇಳಬೇಕಿತ್ತು. ಇದನ್ನ ಯಾರಿಗೂ ಹೇಳಿಲ್ಲ.

ನನಗೆ ಇಪ್ಪತ್ತು ವರ್ಷ ಆಗಿದ್ದಾಗ ಲಿಫ್ಟ್ ಕೆಲಸ ಕಲಿಯೋಕೆ ಸೇರಿದ್ದೆ. ಜೊತೆಗೆ ಕಲೀತಿದ್ದ ಮೂವರು ಒಂದಿನ ಮನೆಗೆ ಬಂದ್ರು. ನಮ್ಮ ಕೋಣೇಲಿ ಆ ಆಲ್ಬಂ ನೋಡಿ ಒಬ್ಬ ಕವರ್ ಎತ್ತಿ ಹಿಡಿದು "ಏನೋ ಇದು? ಯಾವ ಸರ್ಕಸ್ಸು?" ಅಂದ. ಎಲ್ಲ ಹೊಟ್ಟೆ ಹಿಡ್ಕೊಂಡು ನಕ್ರು. ನಾನೂ ನಕ್ಕೆ. "ನಂದಲ್ಲಪ್ಪ, ನಮ್ಮಕ್ಕನದು, ಅವಳೊಂದು ಥರ" ಅಂದೆ. ಅಷ್ಟಕ್ಕೆ ಬಿಡದೆ ಅವಳು ಹಾಡೋ ಹಾಗೆ ಕೈಯೆತ್ತಿ ಅಣಕಿಸಿ ತೋರಿಸಿದೆ. ತಿರುಗಿ ನೋಡಿದ್ರೆ ಅಕ್ಕ ನಾಲ್ಕು ಲೋಟ ಕಾಫಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಾಫಿ ಇಟ್ಟಳು. "ಸಕ್ಕರೆ ಸಾಲದಿದ್ರೆ ಹೇಳಿ" ಅಂದು ಹೋದಳು.

ಅವಳು ಆ ವಿಷಯ ಯಾವತ್ತೂ ಎತ್ತಲಿಲ್ಲ. ಎತ್ತಿದ್ದಿದ್ರೆ ಚೆನ್ನಾಗಿತ್ತು. ಆರು ತಿಂಗಳು ಮನೇಲಿ ಆಲ್ಬಂ ಹಾಕಲಿಲ್ಲ. ಆಮೇಲೆ ಒಂದಿನ ನಾನೇ ಹಾಕಿದೆ. ಬಂದು ಪಕ್ಕದಲ್ಲಿ ಕೂತಳು.

ಅವತ್ತು ಆ ಹಾಲ್‌ಗೆ ಸ್ಪೀಕರ್ ಹೊತ್ಕೊಂಡು ಬಂದೋನು ಈ ಅಣಕಿಸಿದೋನೇ. ನೂರು ಜನರ ಮುಂದೆ ಹಾಕಿಬಿಟ್ರೆ ಆ ಕಾಫಿಯ ದಿನ ಅಳಿಸಿಹೋಗುತ್ತೆ ಅಂತ ಒಳಗೊಳಗೇ ಇತ್ತು. ನಿಮ್ಮಪ್ಪ ತಡೆದಾಗ ಅಷ್ಟು ಸಿಟ್ಟು ಬಂದದ್ದು ಅದಕ್ಕೇ ಅಂತ ನಿನ್ನ ಕಾಗದ ಓದಿದ ಮೇಲೆ ಗೊತ್ತಾಯ್ತು. ಅಕ್ಕನಿಗಾಗಿ ಸಿಟ್ಟು ಮಾಡ್ಕೊಂಡಿದ್ದೀನಿ ಅಂತ ಇಷ್ಟು ವರ್ಷ ತಿಳ್ಕೊಂಡಿದ್ದೆ.

ಇಪ್ಪತ್ತು ವರ್ಷದ ಕತ್ತೆ ಮಾಡಿದ್ದನ್ನ ನಿಮ್ಮಮ್ಮ ಕ್ಷಮಿಸಿದ್ದಾಳೆ. ನೀನು ಹನ್ನೆರಡು ವರ್ಷದ ಕೂಸು. ಅಮ್ಮನನ್ನ ನೋಡಿ ಯಾರೂ ನಗಬಾರದು ಅಂತ ಬೇಡ ಅಂದೆ. ನಾನು ಗೆಳೆಯರನ್ನ ನಗಿಸೋಕೆ ಅಂತಲೇ ಅವಳನ್ನ ಅಣಕಿಸಿದೋನು. ಇಬ್ಬರನ್ನೂ ಒಂದೇ ತಕ್ಕಡೀಲಿ ಹಾಕಬೇಡ.

ನನ್ನ ಕಾರ್ಡುಗಳನ್ನ ಇನ್ಮೇಲೆ ಹೆದರದೆ ಒಡಿ.

ನಿನ್ನ
ಮಾವ


ಜೂನ್ 10

ಭಾವ,

ಉತ್ತರ ಬರೀಬೇಡಿ. ಕಾಗದ ಹರಿದು ಹರಿದು ಸುಸ್ತಾಗಿರ್ತೀರಿ. ಹೇಗೆ ಗೊತ್ತು ಅಂತ ಕೇಳಬೇಡಿ, ಯಾರನ್ನೂ ಬೈಯಬೇಡಿ.

ಮನೆ ಯಾವತ್ತು ಖಾಲಿ ಮಾಡ್ತೀರಿ? ಸಾಮಾನೆಲ್ಲ ಹೋದ ಮೇಲೆ, ಬೀಗದ ಕೈ ಕೊಡೋ ಮೊದಲು ಒಂದು ಮಧ್ಯಾಹ್ನ ಬಿಟ್ಕೊಳ್ಳಿ. ಸ್ಪೀಕರು ನಾನು ತರ್ತೀನಿ. ಅವೇ ಸ್ಪೀಕರು, ಆರು ವರ್ಷದಿಂದ ಅಟ್ಟದ ಮೇಲಿವೆ. ಆಲ್ಬಂ ಒಯ್ಯೋಕೆ ಬರ್ತಿಲ್ಲ. ಕೇಳೋಕೆ.

ಗುಡುಗ


ಆಗಸ್ಟ್ 3

ಗುಡುಗ,

ನೀನು ಬಂದು ಹೋಗಿ ಹತ್ತು ದಿನವಾಯಿತು. ಮೊನ್ನೆ ಚುಕ್ಕಿಯನ್ನು ಹಾಸ್ಟೆಲಿಗೆ ಬಿಟ್ಟು ಬಂದೆ. ಹೊಸ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಆ ದಿನ ಬಾಯಲ್ಲಿ ಹೇಳಲಾಗದ್ದು ಇನ್ನೂ ಇದೆ.

ಬರಿದಾದ ಕೋಣೆಯಲ್ಲಿ ನಾಲ್ಕನೇ ಸೈಡಿನ ಸದ್ದು ಅಷ್ಟು ದೊಡ್ಡದಾಗುತ್ತೆ ಅಂತ ನಾನು ಎಣಿಸಿರಲಿಲ್ಲ. ನಾವು ಮೂವರೂ ಗೋಡೆಗೊರಗಿ ನೆಲದ ಮೇಲೆ. ಮೊದಲ ಗಂಟೆ ಬಾರಿಸಿದಾಗ ಕಿಟಕಿಯ ಗಾಜು ನಡುಗಿತು. ಕೆಳಗಿನ ಡ್ರೈಕ್ಲೀನಿಂಗ್ ಅಂಗಡಿಯವರು ಯಾರದೋ ಕೋಟನ್ನು ಕೈಯಲ್ಲಿ ಹಿಡಿದೇ ಮೇಲೆ ಓಡಿ ಬಂದರಲ್ಲ, ಬೈಯೋಕೇ ಬಂದದ್ದು ಅವರು. ಇಪ್ಪತ್ತು ವರ್ಷ ನಿನ್ನಕ್ಕನ ಗದ್ದಲ ಸಹಿಸಿದವರು. ಬಾಗಿಲಲ್ಲಿ ನಿಂತು "ಓ, ಇದಾ? ಇದು ಅಮ್ಮಾವ್ರದಲ್ವಾ?" ಅಂದವರು ಹಾಗೇ ಕೂತುಬಿಟ್ಟರು. ಮುಗಿಯಿತು ಅಂತ ಅವರು ಚಪ್ಪಾಳೆ ತಟ್ಟಿದಾಗೆಲ್ಲ ಆ ಪುಣ್ಯಾತ್ಮ ಮತ್ತೆ ಎದ್ದು ಹಾಡುತ್ತಿದ್ದ. ಮೂರನೇ ಸಲ ಅವರು ತಟ್ಟೋಕೆ ಹೋಗಿ ಅರ್ಧಕ್ಕೇ ಕೈ ನಿಲ್ಲಿಸಿ ನಿನ್ನ ಮುಖ ನೋಡಿದರು. ಚುಕ್ಕಿ ನಕ್ಕಳು. ಬಿದ್ದು ಬಿದ್ದು ನಕ್ಕಳು. ನಗುತ್ತಾ ಇದ್ದವಳು ಯಾವಾಗ ಅಳೋಕೆ ಶುರು ಮಾಡಿದಳು ಅಂತ ಗೊತ್ತಾಗಲಿಲ್ಲ. ಕೋರಸ್ಸು ಎಷ್ಟು ಜೋರಾಗಿತ್ತೆಂದರೆ ಅವಳ ಅಳು ಯಾರಿಗೂ ಕೇಳಿಸಲಿಲ್ಲ, ಕಾಣಿಸಿತು ಅಷ್ಟೇ. ಆರು ವರ್ಷದಲ್ಲಿ ಅವಳು ನನ್ನೆದುರು ಹಾಗೆ ಅತ್ತಿರಲಿಲ್ಲ. ನಮ್ಮ ಮನೆ ತೀರಾ ನಿಶ್ಶಬ್ದವಾಗಿತ್ತು ಗುಡುಗ. ಅಳೋಕೆ ಜಾಗವೇ ಇರಲಿಲ್ಲ.

ಈಗ ಆ ಹರಿದ ಕಾಗದಗಳ ವಿಷಯ. ಚುಕ್ಕಿ ನಿನಗೆ ಬರೆದದ್ದನ್ನು ನನಗೂ ಹೇಳಿದಳು, ಅವಳು ಬೇಡ ಅಂದದ್ದು ನಿಜ. ಆದರೆ ಅವಳು ಹೇಳದೇ ಇದ್ದಿದ್ದರೂ ನಾನು ತಡೆಯುತ್ತಿದ್ದೆನೋ ಏನೋ. ಅದನ್ನು ಬರೆಯೋಕೆ ಆಗದೆ ಹರಿಯುತ್ತಿದ್ದೆ. ನೀನು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದೆ, ಇಬ್ಬರೂ ಸೇರಿ ಅದನ್ನು ಹಾಕುತ್ತಿದ್ದಿರಿ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಹತ್ತಿರ ಇದ್ದಾಗ ಇಲ್ಲದ ಒಂದು ಬೆಳಕು ಅವಳ ಮುಖದಲ್ಲಿ. "ಬನ್ನಿ, ಕೂತ್ಕೊಳ್ಳಿ" ಅಂತ ಕೈ ಚಾಚುತ್ತಿದ್ದಳು. "ಇದೊಂದು ಹಲ್ಲಿನ ಸೆಟ್ಟು ಮುಗಿಸಿ ಬರ್ತೀನಿ" ಅನ್ನುತ್ತಿದ್ದೆ. ಹೊಟ್ಟೆಕಿಚ್ಚು ಅಂತ ಒಪ್ಪಿಕೊಳ್ಳೋಕೆ ಇಷ್ಟು ವರ್ಷ ಬೇಕಾಯಿತು. ಅವಳನ್ನು ಕಳಿಸುವ ದಿನವೂ ಆ ಆಲ್ಬಂ ಹಾಕಿದರೆ ಅವಳು ನಿಮ್ಮವಳಾಗಿಯೇ ಹೋಗುತ್ತಾಳೆ, ಒಂದು ದಿನವಾದರೂ ನನ್ನವಳಾಗಿರಲಿ ಅನ್ನಿಸಿತೇನೋ. ಆಗಲೇ ಮಗು ಬಂದು ತೋಳು ಹಿಡಿಯಿತು. ನನಗೆ ಬೇಕಾದ ಕಾರಣ ಸಿಕ್ಕಿತು.

ಅವಳು ಅಷ್ಟು ಸಲ ಕರೆದಳು, ನಾನೇ ಹೋಗಿ ಕೂರಲಿಲ್ಲ. ಇಪ್ಪತ್ತೊಂದು ನಿಮಿಷದ ಹಾಡು. ಅಷ್ಟರಲ್ಲಿ ಯಾರ ಹಲ್ಲೂ ಉದುರಿಹೋಗುತ್ತಿರಲಿಲ್ಲ.

ಆಲ್ಬಮ್ಮನ್ನು ಚುಕ್ಕಿ ಹಾಸ್ಟೆಲಿಗೆ ಒಯ್ದಿದ್ದಾಳೆ. ಟೇಪು ಹೊಸದು ಹಾಕಿ ಕೊಡಲೇ ಅಂದೆ, ಬೇಡ, ಅಮ್ಮ ಹಾಕಿದ್ದೇ ಇರಲಿ ಅಂದಳು. ನಿನ್ನೆ ಫೋನ್ ಮಾಡಿದ್ದಳು. ಕೋಣೆಯ ಜೊತೆಗಾತಿ ಮೊದಲ ಸೈಡು ಕೇಳಿ "ಇದೇನೇ ಇಷ್ಟು ಡ್ರಾಮಾ!" ಅಂದಳಂತೆ. ಇವಳು "ಸುಮ್ನೆ ಕೂತ್ಕೋ, ಇನ್ನೂ ಮೂರು ಸೈಡಿದೆ" ಅಂದಳಂತೆ.

ನೀನು ಆ ಸಂಜೆ ಸ್ಪೀಕರು ಹೊತ್ತು ಮೆಟ್ಟಿಲಿಳಿಯುವಾಗ ತಿರುಗಿ "ಬರ್ತೀನಿ ಭಾವ" ಅಂದೆ. ಹೊರಡುವಾಗ ಎಲ್ಲರೂ ಹಾಗೇ ಅನ್ನುವುದು, ಅದಕ್ಕೆ ವಿಶೇಷ ಅರ್ಥವಿಲ್ಲ ಅಂತ ನನಗೂ ಗೊತ್ತು. ಆದರೂ ನಾನದನ್ನು ನಿಜವಾದ ಮಾತು ಅಂತಲೇ ಇಟ್ಟುಕೊಂಡಿದ್ದೇನೆ. ಈ ಕೋಣೆ ಚಿಕ್ಕದು, ಒಂದೇ ಕುರ್ಚಿ ಸಾಕು ಅಂತ ಸಾಮಾನು ಸಾಗಿಸಿದವರೂ ಹೇಳಿದರು. ಎರಡು ಇರಿಸಿಕೊಂಡಿದ್ದೇನೆ.

ನಿನ್ನ
ಭಾವ